ಲ್ಯಾಕರ್ ಎದ್ದ ಮೇಲೆ ಪಾಲಿಶ್ ಏನು ಮಾಡೀತು?

ಕಾರಿನ ಟಾಪ್ ಮೇಲೆ ಬೆಳ್ಳಗೆ ಒಂದು ಮಚ್ಚೆ ಎದ್ದರೆ ಸಾಕು, ತಮಿಳುನಾಡಿನ ಕಾರಮಡೈಯಿಂದ ಮೆಟ್ಟುಪಾಳಯಂವರೆಗೆ ಸಿಕ್ಕವರೆಲ್ಲ ಹೇಳುವ ಮಾತು ಒಂದೇ: "ಅಣ್ಣಾ, ಒಂದು ರಬ್ಬಿಂಗ್ ಪಾಲಿಶ್ ಹಾಕ್ಸಿ, ಮೇಲೊಂದು ಕೋಟಿಂಗ್ ಕೊಡ್ಸಿ, ಹೊಸ ಗಾಡಿ ಆಗ್ಬಿಡುತ್ತೆ." ವಾರಂಟಿ ಮುಗಿದಿದೆ ಎಂದು ಗೊತ್ತಾದರಂತೂ ಅದು ಸಲಹೆಯಾಗಿ ಉಳಿಯುವುದಿಲ್ಲ, ತೀರ್ಪೇ ಆಗುತ್ತದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು ಆಡುವ ನಮ್ಮವರು ಎರಡು ಭಾಷೆಯಲ್ಲೂ ಇದನ್ನೇ ಹೇಳುತ್ತಾರೆ.

ಈ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು, ತೊಂದರೆ ಇರುವುದೇ ಅಲ್ಲಿ. ಅಂಬಾಸಿಡರ್, ಪದ್ಮಿನಿ ಕಾಲದ ಬಣ್ಣದ ಮೇಲೆ ಲ್ಯಾಕರ್ ಎಂಬ ಬೇರೆ ಪಾರದರ್ಶಕ ಪದರ ಇರುತ್ತಿರಲಿಲ್ಲ. ಬಿಸಿಲಿಗೆ ಬಣ್ಣವೇ ಸುಣ್ಣದಂತೆ ಪುಡಿಯಾಗುತ್ತಿತ್ತು. ಕಾಂಪೌಂಡ್ ಹಚ್ಚಿ ತಿಕ್ಕಿದರೆ ಆ ಸತ್ತ ಪದರ ಬಟ್ಟೆಗೆ ಬಂದು, ಕೆಳಗಿನ ಹಸನಾದ ಬಣ್ಣ ಹೊಳೆಯುತ್ತಿತ್ತು. ಅಪ್ಪಂದಿರು ಕಣ್ಣಾರೆ ಕಂಡ ಪವಾಡ ಅದು. ಮಕ್ಕಳು ಅದನ್ನೇ ಇವತ್ತಿನ ಮೆಟಾಲಿಕ್ ಗಾಡಿಗೆ ಅಂಟಿಸುತ್ತಿದ್ದಾರೆ.

ಇವತ್ತಿನ ಗಾಡಿಯಲ್ಲಿ ಬಣ್ಣ ಬೇರೆ, ಹೊಳಪು ಬೇರೆ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ತೆಳ್ಳನೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಲ್ಯಾಕರ್. ಈ ಲ್ಯಾಕರ್ ಸುಮಾರು 35ರಿಂದ 50 ಮೈಕ್ರಾನ್ ದಪ್ಪ, ಒಂದು ತಲೆಗೂದಲಿಗಿಂತ ತೆಳು. ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿಕೊಳ್ಳುವ ರಾಸಾಯನಿಕ ಇದರಲ್ಲೇ ಇರುತ್ತದೆ. ವರ್ಷಗಟ್ಟಲೆ ಬಿಸಿಲುಂಡು ಅದು ತೀರಿಹೋದ ಮೇಲೆ ಲ್ಯಾಕರ್ ಬಿರುಕು ಬಿಟ್ಟು, ಬಣ್ಣದ ಹಿಡಿತ ತಪ್ಪಿ ಸಿಪ್ಪೆ ಏಳುತ್ತದೆ. ಮೊದಲು ಹೋಗುವುದು ಟಾಪ್, ಆಮೇಲೆ ಬಾನೆಟ್, ಡಿಕ್ಕಿಯ ಮೇಲ್ಭಾಗ. ಬಾಗಿಲುಗಳು ನೆಟ್ಟಗೇ ಇರುತ್ತವೆ. ನಾವಿರುವುದು ಸುಮಾರು 11 ಡಿಗ್ರಿ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮೂರನೇ ವಾರದ ಸುಮಾರಿಗೆ ಮತ್ತು ಆಗಸ್ಟ್ ಕೊನೆಗೆ, ನಡುಹಗಲಿನ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ. ಟಾಪ್ ಅಲ್ಲದೆ ಇನ್ನೇನು ಸುಡಬೇಕು?

ಇಲ್ಲಿಗೆ ಪಾಲಿಶ್ ತಂದು ತಿಕ್ಕಿದರೆ ಆಗುವುದಿಷ್ಟು: ಇನ್ನೂ ಗಟ್ಟಿಯಾಗಿರುವ ಲ್ಯಾಕರ್ ಕೂಡ ಸವೆಯುತ್ತದೆ, ಎದ್ದಿರುವ ಅಂಚು ಇನ್ನಷ್ಟು ಏಳುತ್ತದೆ. ಅನುಮಾನವಿದ್ದರೆ ಮಚ್ಚೆಯ ಅಂಚಿಗೆ ಉಗುರು ಎಳೆದು ನೋಡಿ. ಸಣ್ಣ ಮೆಟ್ಟಿಲು ತಗುಲುತ್ತದೆ. ಆ ಕಡೆ ಲ್ಯಾಕರ್ ಇದೆ, ಈ ಕಡೆ ಇಲ್ಲ. ಇಲ್ಲದ್ದನ್ನು ತಿಕ್ಕಿ ಹೊಳೆಸುವುದು ಹೇಗೆ? ಆದರೂ "ನೋಡಿ ಸರ್, ಎಷ್ಟು ಚೆನ್ನಾಗಿ ಬಂತು" ಎಂದು ತೋರಿಸುತ್ತಾರಲ್ಲ, ಅದರ ಗುಟ್ಟು ಸರಳ. ಆ ಮಚ್ಚೆಯ ಮೇಲೆ ಬರೀ ನೀರು ಸವರಿ ನೋಡಿ, ಬಣ್ಣ ಗಾಢವಾಗಿ, ಹೊಸದರಂತೆ ಕಾಣುತ್ತದೆ. ಒಣಗಿದರೆ ಮತ್ತೆ ಅದೇ ಬೂದಿ. ವ್ಯಾಕ್ಸ್ ಮಾಡುವುದೂ ಅದನ್ನೇ, ಒಣಗಲು ಎರಡು ಮಳೆ ಜಾಸ್ತಿ ತೆಗೆದುಕೊಳ್ಳುತ್ತದೆ ಅಷ್ಟೆ. ಸೆರಾಮಿಕ್ ಕೋಟಿಂಗ್ ಒಂದೆರಡು ಮೈಕ್ರಾನಿನ ಪದರ. ಚೆನ್ನಾಗಿರುವ ಲ್ಯಾಕರಿಗೆ ಅದು ಒಳ್ಳೆಯದೇ, ಎದ್ದ ಲ್ಯಾಕರನ್ನು ಕೂರಿಸುವ ಗೋಂದು ಅದಲ್ಲ. ಸ್ಪ್ರೇ ಕ್ಯಾನ್ ತಂದು ಮೇಲೆ ಹೊಡೆಯುವ ವೀರರೂ ಇದ್ದಾರೆ. ಕೆಳಗಿನದು ಬಿಟ್ಟುಕೊಂಡಾಗ ಮೇಲಿನದೂ ಅದರ ಜೊತೆಗೇ ಬರುತ್ತದೆ.

ನನಗೆ ತಮಾಷೆ ಎನಿಸುವುದು ಕೊಳ್ಳುವವರನ್ನು ಕಂಡು. ತೋಟಕ್ಕೆ ಬಂದ ಗೊಬ್ಬರದ ಮೂಟೆಯನ್ನು ತೂಗಿ ನೋಡುತ್ತಾರೆ, ಕರಿಬೇವಿಗೆ ಮಂಡಿಯವರು ಹೇಳಿದ ದರವನ್ನು ಇನ್ನೂ ನಾಲ್ಕು ಕಡೆ ವಿಚಾರಿಸುತ್ತಾರೆ. ಅದೇ ಜನ ಬಾಟಲಿ ಮೇಲೆ 'ನ್ಯಾನೋ' ಎಂದಿದ್ದರೆ, ಈಗೀಗ 'ಗ್ರಾಫೀನ್' ಎಂದಿದ್ದರೆ, ಒಂದು ಪ್ರಶ್ನೆ ಕೇಳದೆ ಸಾವಿರಗಟ್ಟಲೆ ಎಣಿಸಿಕೊಡುತ್ತಾರೆ. ಅರ್ಧ ಬಾನೆಟ್ ಮಸುಕು, ಅರ್ಧ ಥಳಥಳ ಎನ್ನುವ ವಿಡಿಯೋ ಒಂದನ್ನು ಮೊಬೈಲಿನಲ್ಲಿ ಕಂಡರಂತೂ ಮುಗಿಯಿತು. ಆರು ತಿಂಗಳ ಮೇಲೆ ಅದೇ ಬಾನೆಟ್ ತೋರಿಸುವ ವಿಡಿಯೋ ಯಾರೂ ಮಾಡುವುದಿಲ್ಲ. ಗಾಡಿಗೆ ದೃಷ್ಟಿಯಾಗಿ ಬಣ್ಣ ಹೋಯಿತು ಎನ್ನುವವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವರ ಖರ್ಚು ಒಂದು ನಿಂಬೆಹಣ್ಣು.

ಉಳಿದ ತಪ್ಪು ನಂಬಿಕೆಗಳು ಚಿಲ್ಲರೆ. ಸಿಪ್ಪೆ ಎದ್ದ ತಕ್ಷಣ ತಗಡು ತುಕ್ಕು ಹಿಡಿಯುವುದಿಲ್ಲ, ಕೆಳಗೆ ಪ್ರೈಮರ್ ಇನ್ನೂ ಇದೆ. ತಗಡೇ ಕಂಡರೆ ಮಾತ್ರ ಅವಸರಪಡಿ. ಇನ್ಶೂರೆನ್ಸ್ ಸವೆತಕ್ಕೆ ಹಣ ಕೊಡುವುದಿಲ್ಲ. ಅದೇ ಬಣ್ಣ ಮತ್ತೆ ಹೊಡೆಸಿದರೆ ಆರ್‌ಟಿಒಗೆ ಹೋಗಬೇಕಿಲ್ಲ, ಬಣ್ಣ ಬದಲಿಸಿದರೆ ಮಾತ್ರ ಆರ್‌ಸಿಯಲ್ಲಿ ನಮೂದಾಗಬೇಕು.

ವಾರಂಟಿ ಮುಗಿದರೆ ಕಂಪನಿಯ ಹೊಣೆಯೂ ಮುಗಿಯಿತು ಎನ್ನುವುದು ಮಾತ್ರ ಪೂರ್ತಿ ನಿಜವಲ್ಲ. ಹತ್ತು ವರ್ಷದ ಗಾಡಿಯಲ್ಲಿ ಪಾರದರ್ಶಕ ಸಿಪ್ಪೆ ಏಳುವುದು ಬಿಸಿಲಿನ ಕೆಲಸ. ಬಣ್ಣದ ಸಮೇತ ಹಾಳೆಹಾಳೆಯಾಗಿ ಕಿತ್ತು ಕೆಳಗಿನ ಪ್ರೈಮರೋ ತಗಡೋ ಕಂಡರೆ ಕಾರ್ಖಾನೆಯ ಕಡೆ ನೋಡಬೇಕು. 2019ರಲ್ಲಿ ಟೊಯೋಟಾ ಅಮೆರಿಕದಲ್ಲಿ ಕೆಲವು ಮಾದರಿಯ ಬಿಳಿ ಗಾಡಿಗಳಿಗೆ ವಾರಂಟಿ ಆಚೆಗೂ ಬಣ್ಣ ಹೊಡೆದುಕೊಡಲು ಒಪ್ಪಿದ್ದು ಇಂಥದ್ದಕ್ಕೇ. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬಹುದು; ಮೊದಲು ವಿಚಾರಿಸಲು ಗ್ರಾಹಕ ಸಹಾಯವಾಣಿ 1915 ಇದೆ. ತಯಾರಿಕೆಯ ದೋಷವೆಂದು ಸಾಬೀತು ಮಾಡುವ ಭಾರ ನಿಮ್ಮದೇ. ಹಾಗಾಗಿ ಉಪ್ಪುಕಾಗದ ಮುಟ್ಟಿಸುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ, ಕಿತ್ತ ಸಿಪ್ಪೆಯನ್ನೂ ಒಂದು ಕವರಿನಲ್ಲಿ ಹಾಕಿಡಿ.

ಸರಿಯಾದ ರಿಪೇರಿ ಬೇಕಿದ್ದರೆ ಸಡಿಲವಾದುದನ್ನೆಲ್ಲ ಉಜ್ಜಿ ತೆಗೆದು, ಆ ಪ್ಯಾನೆಲ್ ಪೂರ್ತಿ ಬಣ್ಣ, ಲ್ಯಾಕರ್ ಎರಡೂ ಹೊಸದಾಗಿ ಹೊಡೆಯಬೇಕು. ಮಚ್ಚೆಯಷ್ಟಕ್ಕೇ ಹೊಡೆದು ಸುತ್ತ ಬೆರೆಸಿಬಿಡುತ್ತೇನೆ ಎನ್ನುವ ಪೇಂಟರ್ ಕಡಿಮೆ ದರ ಹೇಳುತ್ತಾನೆ, ಆ ಬೆರೆಸಿದ ಗೆರೆಯಲ್ಲೇ ಸಿಪ್ಪೆ ಮತ್ತೆ ಏಳುತ್ತದೆ. ಗಾಡಿ ಹಳೆಯದು, ಒಂದೆರಡು ವರ್ಷದಲ್ಲಿ ಮಾರುವುದೇ ಎಂದಿದ್ದರೆ ಹಾಗೇ ಬಿಟ್ಟು ಓಡಿಸಿ. ಎಂಜಿನ್‌ಗೆ ಟಾಪಿನ ಮಚ್ಚೆ ಗೊತ್ತಾಗುವುದಿಲ್ಲ.