ಫಾರ್ಮ್ಯಾಟ್ ಮಾಡೋ ಮುಂಚೆ ಒಂದ್ಸಲ ರಿಸ್ಟೋರ್ ನೋಡಿ

ಹಾಸ್ಟೆಲ್‌ನಲ್ಲಿ ಯಾರ ಲ್ಯಾಪ್‌ಟಾಪ್ ಕೈಕೊಟ್ಟರೂ ಸಿಗೋ ಮೊದಲ ಸಲಹೆ ಒಂದೇ: "ಫಾರ್ಮ್ಯಾಟ್ ಮಾಡ್ಬಿಡು ಮಗಾ." ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ್ಮೇಲೆ ನೀಲಿ ಸ್ಕ್ರೀನ್ ಬಂತಾ? ಯಾವುದೋ ಸಾಫ್ಟ್‌ವೇರ್ ಹಾಕಿದ್ಮೇಲೆ ವೈಫೈ ಹೋಯ್ತಾ? ಎಲ್ಲದಕ್ಕೂ ಅದೇ ಔಷಧಿ. ಆದರೆ ಫಾರ್ಮ್ಯಾಟ್ ಮಾಡಿದರೆ ಮ್ಯಾಟ್‌ಲ್ಯಾಬ್, ಆಟೋಕ್ಯಾಡ್, ಕಂಪೈಲರ್ ಎಲ್ಲವನ್ನೂ ಮತ್ತೆ ಹಾಕಬೇಕು. ಬೇರೆ ಕಡೆ ಕಾಪಿ ಇಲ್ಲದ ಪ್ರಾಜೆಕ್ಟ್ ಅಂತೂ ಹೋದ ಹಾಗೇ.

ನಿನ್ನೆವರೆಗೂ ಸರಿಯಿದ್ದ ಸಿಸ್ಟಮ್ ಇವತ್ತು ಕೆಟ್ಟಿದ್ದರೆ ಅದನ್ನು ನಿನ್ನೆಯ ಸ್ಥಿತಿಗೆ ಕಳಿಸೋ ವ್ಯವಸ್ಥೆ ವಿಂಡೋಸ್‌ನಲ್ಲೇ ಇದೆ. ಅದರ ಹೆಸರು ಸಿಸ್ಟಮ್ ರಿಸ್ಟೋರ್. 2000ದಲ್ಲಿ ವಿಂಡೋಸ್ ಎಂಇ ಜೊತೆ ಬಂದದ್ದು, ಇವತ್ತಿನ ವಿಂಡೋಸ್ 11ರಲ್ಲೂ ಇದೆ.

ಒಳಗೆ ಏನಾಗುತ್ತೆ?

ರಿಸ್ಟೋರ್ ಪಾಯಿಂಟ್ ಅಂದ್ರೆ ಇಡೀ ಸಿ ಡ್ರೈವ್‌ನ ನಕಲು ಅಲ್ಲ. ವಿಂಡೋಸ್ ವಿಸ್ಟಾದಿಂದ ಈಚೆಗೆ ಇದು ವಾಲ್ಯೂಮ್ ಶ್ಯಾಡೋ ಕಾಪಿ ಅನ್ನೋ ತಂತ್ರದ ಮೇಲೆ ನಡೆಯುತ್ತೆ. ಪಾಯಿಂಟ್ ಮಾಡಿದ ಕ್ಷಣದಲ್ಲಿ ಹೆಚ್ಚೇನೂ ಕಾಪಿ ಆಗಲ್ಲ. ಆಮೇಲೆ ಡಿಸ್ಕ್‌ನ ಒಂದು ಜಾಗದಲ್ಲಿ ಹೊಸ ಡೇಟಾ ಬರೆಯಬೇಕಾದಾಗ, ಅಲ್ಲಿದ್ದ ಹಳೇ 16 ಕೆಬಿ ಬ್ಲಾಕನ್ನು ಮೊದಲು ಬೇರೆ ಕಡೆ ಎತ್ತಿಡುತ್ತೆ, ನಂತರ ಹೊಸದನ್ನು ಬರೆಯುತ್ತೆ. ಓಎಸ್ ಸಬ್ಜೆಕ್ಟ್‌ನಲ್ಲಿ ಬರೋ ಕಾಪಿ ಆನ್ ರೈಟ್ ಇದೇ. ಹಿಂದಕ್ಕೆ ಹೋಗುವಾಗ ಬದಲಾಗದ ಬ್ಲಾಕ್‌ಗಳು ಇದ್ದಲ್ಲೇ ಸಿಗುತ್ತವೆ, ಬದಲಾದವು ಎತ್ತಿಟ್ಟ ಜಾಗದಿಂದ ಸಿಗುತ್ತವೆ.

ಇದರ ಮಿತಿಗಳೂ ಇಲ್ಲೇ ಗೊತ್ತಾಗುತ್ತೆ. ಮೀಸಲಿಟ್ಟ ಜಾಗ ತುಂಬಿದರೆ ಹಳೇ ಪಾಯಿಂಟ್‌ಗಳು ತಾವಾಗಿಯೇ ಅಳಿಸಿಹೋಗುತ್ತವೆ. ಎತ್ತಿಟ್ಟ ಬ್ಲಾಕ್‌ಗಳೂ ಅದೇ ಡಿಸ್ಕ್‌ನಲ್ಲಿರೋದರಿಂದ ಎಸ್‌ಎಸ್‌ಡಿ ಸತ್ತರೆ ಅವೂ ಸತ್ತಂತೆ. ಹಾಗಾಗಿ ಇದನ್ನು ಬ್ಯಾಕಪ್ ಅಂದ್ಕೋಬೇಡಿ.

ಏನು ಹೋಗುತ್ತೆ, ಏನು ಉಳಿಯುತ್ತೆ?

ರಿಜಿಸ್ಟ್ರಿ, ಸಿಸ್ಟಮ್ ಫೈಲ್‌ಗಳು, ಡ್ರೈವರ್‌ಗಳು, ಇನ್‌ಸ್ಟಾಲ್ ಮಾಡಿದ ಪ್ರೋಗ್ರಾಮ್‌ಗಳು ಹಳೇ ಸ್ಥಿತಿಗೆ ಹೋಗುತ್ತವೆ. ಪಾಯಿಂಟ್ ಆದಮೇಲೆ ಹಾಕಿದ ಸಾಫ್ಟ್‌ವೇರ್ ಮತ್ತೆ ಹಾಕಬೇಕಾಗುತ್ತೆ. ಯಾವುವು ಅಂತ ಮೊದಲೇ ನೋಡೋಕೆ "ಸ್ಕ್ಯಾನ್ ಫಾರ್ ಅಫೆಕ್ಟೆಡ್ ಪ್ರೋಗ್ರಾಮ್ಸ್" ಅಂತ ಆಪ್ಷನ್ ಇದೆ. ನಿಮ್ಮ ಫೋಟೋ, ವರ್ಡ್ ಫೈಲ್, ಪಿಡಿಎಫ್‌ಗಳನ್ನು ಅದು ಮುಟ್ಟಲ್ಲ. ಅಂದ್ರೆ ಅಪ್ಪಿತಪ್ಪಿ ಡಿಲೀಟ್ ಆದ ರೆಕಾರ್ಡ್ ಕೂಡ ಇದರಿಂದ ವಾಪಸ್ ಬರಲ್ಲ. ಬಯಾಸ್ ಅಪ್‌ಡೇಟನ್ನೂ ಇದು ಹಿಂದಕ್ಕೆ ತರಲ್ಲ.

ಮೊದಲು ಆನ್ ಮಾಡಿ

ಅಸಲಿ ಸಮಸ್ಯೆ ಏನಂದ್ರೆ, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದು ಆಫ್ ಆಗಿಯೇ ಇರುತ್ತೆ. ಕೆಟ್ಟ ಮೇಲೆ ಆನ್ ಮಾಡಿ ಪ್ರಯೋಜನ ಇಲ್ಲ.

1. ಸ್ಟಾರ್ಟ್ ಮೆನುನಲ್ಲಿ "ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್" ಅಂತ ಟೈಪ್ ಮಾಡಿ ಓಪನ್ ಮಾಡಿ.
2. ಸಿ ಡ್ರೈವ್ ಆರಿಸಿ, "ಕಾನ್ಫಿಗರ್" ಒತ್ತಿ, "ಟರ್ನ್ ಆನ್ ಸಿಸ್ಟಮ್ ಪ್ರೊಟೆಕ್ಷನ್" ಆರಿಸಿ. ಕೆಳಗಿನ ಸ್ಲೈಡರ್‌ನಲ್ಲಿ ಸ್ವಲ್ಪ ಜಾಗ ಕೊಡಿ.
3. "ಕ್ರಿಯೇಟ್" ಒತ್ತಿ, ಗುರುತು ಸಿಗೋ ಹೆಸರು ಕೊಡಿ. "ಡ್ರೈವರ್ ಹಾಕೋ ಮುಂಚೆ" ಅಂತಿದ್ರೂ ಸಾಕು.

ಹಿಂದಕ್ಕೆ ಹೋಗೋಕೆ ಅದೇ ಕಿಟಕಿಯಲ್ಲಿ "ಸಿಸ್ಟಮ್ ರಿಸ್ಟೋರ್" ಬಟನ್ ಇದೆ. ಲ್ಯಾಪ್‌ಟಾಪನ್ನು ಚಾರ್ಜರ್‌ಗೆ ಹಾಕಿಯೇ ಶುರು ಮಾಡಿ, ಮಧ್ಯದಲ್ಲಿ ಆಫ್ ಮಾಡಬೇಡಿ.

ವಿಂಡೋಸ್ ಆನ್ ಆಗ್ತಾನೇ ಇಲ್ಲ ಅಂದ್ರೆ?

ಬೂಟ್ ಕೆಲವು ಸಲ ವಿಫಲವಾದರೆ ವಿಂಡೋಸ್ ತಾನೇ ರಿಕವರಿ ಸ್ಕ್ರೀನ್ ತೋರಿಸುತ್ತೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸಿಸ್ಟಮ್ ರಿಸ್ಟೋರ್ ಅಂತ ಹೋಗಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಬಹುದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರುತ್ತೆ. ಈಗಲೇ ನೋಡಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆ ಕೀ ಇಲ್ಲದಿದ್ದರೆ ಒಳಗಿರೋ ಪಾಯಿಂಟ್‌ಗಳನ್ನು ತಲುಪೋಕೇ ಆಗಲ್ಲ.

ಸಿಸ್ಟಮ್‌ಗೆ ರಿಸ್ಟೋರ್ ಪಾಯಿಂಟ್, ಪ್ರಾಜೆಕ್ಟ್‌ಗೆ ಗಿಟ್‌ಹಬ್ ಅಥವಾ ಪೆನ್‌ಡ್ರೈವ್. ಎರಡೂ ಬೇಕು, ಒಂದರ ಕೆಲಸ ಇನ್ನೊಂದು ಮಾಡಲ್ಲ. ಮೊದಲನೆಯದಕ್ಕೆ ಐದು ನಿಮಿಷ ಸಾಕು. ಸೆಮಿಸ್ಟರ್ ಸಬ್ಮಿಷನ್ ಶುರುವಾಗೋ ಮುಂಚೆ ಮುಗಿಸಿಬಿಡಿ.