ಸೊಂಟ ಬಗ್ಗಿಸುವ ಮೊದಲು ಮಂಚ ಎತ್ತರಿಸಿ

ರೋಗಿಯ ಯೋಗಕ್ಷೇಮವನ್ನು ಎಲ್ಲರೂ ಕೇಳುತ್ತಾರೆ. ರೋಗಿಯನ್ನು ಎತ್ತಿ ಕೂರಿಸುವವರ ಸೊಂಟದ ಬಗ್ಗೆ ಕೇಳುವವರು ಕಡಿಮೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ನ ಆಸ್ಪತ್ರೆಗಳಲ್ಲಿ ನರ್ಸ್, ಆಯಾ, ವಾರ್ಡ್‌ಬಾಯ್ ಆಗಿ ದುಡಿಯುವವರು ನಿಮ್ಮ ಮನೆಯಲ್ಲೂ ಇರಬಹುದು. ಪಾಳಿ ಮುಗಿಸಿ ಬಂದವರು ಸೊಂಟ ಹಿಡಿದು ಕೂತರೆ ಬರೀ ದಣಿವೆಂದು ಬಿಡಬೇಡಿ. ಆ ಸೊಂಟದ ಮೇಲೆಯೇ ಮನೆಯ ಸಂಬಳ ನಿಂತಿರುತ್ತದೆ.

ಬೆನ್ನಿನ ಸ್ನಾಯುಗಳು ಬೆನ್ನೆಲುಬಿನ ಬಿಲ್ಲೆಗಳಿಂದ ಸುಮಾರು 5 ಸೆಂ.ಮೀ. ಹಿಂದಿವೆ. ಎತ್ತುವ ಭಾರ 40 ಸೆಂ.ಮೀ. ಮುಂದಿದ್ದರೆ, ಸ್ನಾಯುಗಳು ಅದರ 8 ಪಟ್ಟು ಬಲ ಹಾಕಬೇಕು. ಆ ಒತ್ತಡ ಬೀಳುವುದು ಬಿಲ್ಲೆಗಳ ಮೇಲೆ. 60 ಕಿಲೋ ತೂಕದ ರೋಗಿಯ ಒಂದು ಕಾಲೇ ಸುಮಾರು 10 ಕಿಲೋ ಇರುತ್ತದೆ. ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಪಾಲಿಗೆ 16 ಕಿಲೋಗಿಂತ ಹೆಚ್ಚು ಭಾರ ಬೀಳಬಾರದೆಂದು ಅಮೆರಿಕದ ತಜ್ಞ ಥಾಮಸ್ ವಾಟರ್ಸ್ 2007ರಲ್ಲಿ ಸೂಚಿಸಿದರು. ಅಂದರೆ ಗಟ್ಟಿಮುಟ್ಟಾದ ಯುವಕನೂ ರೋಗಿಯನ್ನು ಒಬ್ಬನೇ ಎತ್ತಬಾರದು.

ಇಳಕಲ್‌ನ ಕುಣಿಮಗ್ಗದ ಎತ್ತರವನ್ನು ನೇಕಾರ ಬೇಕೆಂದಾಗ ಬದಲಿಸಲಾರ. ಆಸ್ಪತ್ರೆಯ ಮಂಚಕ್ಕೆ ಹಿಡಿಕೆ ಇದ್ದರೆ ಅದನ್ನು ತಿರುಗಿಸಿ ಎತ್ತರಿಸಬಹುದು. ಹೀಗೆ ಮಾಡಿ:

• ಮೊದಲು ಮಂಚವನ್ನು ನಿಮ್ಮ ಸೊಂಟದ ಮಟ್ಟಕ್ಕೆ ತನ್ನಿ. ಗಾಲಿಗಳ ಬ್ರೇಕ್ ಹಾಕಿ.
• ರೋಗಿಯ ಹತ್ತಿರ ನಿಲ್ಲಿ. ಪಾದಗಳನ್ನು ಅಗಲಿಸಿ, ಮೊಣಕಾಲು ಸ್ವಲ್ಪ ಮಡಚಿ.
• ಎತ್ತುವ ಬದಲು ಸರಿಸಿ. ರೋಗಿಯ ಕೆಳಗೆ ಮಡಚಿದ ಚಾದರ ಹಾಸಿ, ಎರಡೂ ಬದಿಯಿಂದ ಒಟ್ಟಿಗೆ ಎಣಿಸಿ ಎಳೆಯಿರಿ.
• ಸೊಂಟ ತಿರುಚಬೇಡಿ, ಪಾದಗಳನ್ನೇ ತಿರುಗಿಸಿ.
• ಶಕ್ತಿಯಿರುವ ರೋಗಿಗೆ ಮೊಣಕಾಲು ಮಡಚಿ ತಾನೂ ಒತ್ತಲು ಹೇಳಿ.

ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಈ ಮಾತು ಸೊಸೆ, ಮಗಳು, ಮಗ ಎಲ್ಲರಿಗೂ ಅನ್ವಯ. ಮಂಚ ತಗ್ಗಾಗಿದ್ದರೆ ಒಂದು ಮೊಣಕಾಲನ್ನು ಅದರ ಮೇಲೂರಿ ಕೆಲಸ ಮಾಡಿ.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆಧಾರವಾದ ಆರು ಸಂಗತಿಗಳಲ್ಲಿ ಶರೀರದ ಚಲನೆ ಮತ್ತು ವಿಶ್ರಾಂತಿಯೂ ಒಂದು. ಹರಕತ್ ತಪ್ಪಿದರೆ ರೋಗ, ಸುಕೂನ್ ಸಿಗದಿದ್ದರೂ ರೋಗ. ದಲಕ್, ಅಂದರೆ ಮಾಲೀಶು, ಬಿಗಿದ ಸ್ನಾಯುವಿಗೆ ಹಿತ ಕೊಡಬಹುದು. ಆದರೆ ಮರುದಿನ ಅದೇ ತಗ್ಗು ಮಂಚಕ್ಕೆ ಬಾಗಿದರೆ ನೋವೂ ಮರಳುತ್ತದೆ.

ಸೊಂಟನೋವಿನ ಜೊತೆ ಕಾಲಿನ ಬಲ ಕುಂದಿದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಮಾಲೀಶು, ಹಿಜಾಮಾ ಎಂದು ಕಾಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ತಡವಾದರೆ ನರದ ಹಾನಿ ಶಾಶ್ವತವಾಗಬಹುದು.