ನಿಮಗಿದು ಗೊತ್ತೆ? ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವ ಗಡ್ಡೆ

• ಮೂತ್ರಕೋಶ, ಪ್ರಾಸ್ಟೇಟ್, ಮೂತ್ರಪಿಂಡದ ಕ್ಯಾನ್ಸರ್ ಗಡ್ಡೆಗಳ ಪುಟಾಣಿ ಪ್ರತಿರೂಪಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಬಹುದು. ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಇವುಗಳ ಹೆಸರು ಆರ್ಗನಾಯ್ಡ್.

• ರೋಗಿಯಿಂದ ತೆಗೆದ ಗಡ್ಡೆಯ ಚೂರನ್ನು ಕಿಣ್ವಗಳಿಂದ ಬಿಡಿಸಿ, ಆ ಜೀವಕೋಶಗಳನ್ನು ತಣ್ಣನೆಯ ಜೆಲ್‌ನಲ್ಲಿ ಬೆರೆಸಿ ತಟ್ಟೆಗೆ ಹನಿಹನಿಯಾಗಿ ಬಿಡುತ್ತಾರೆ. 37 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಹನಿ ಗಟ್ಟಿಯಾಗುತ್ತದೆ. ಅದರೊಳಗೆ ಜೀವಕೋಶಗಳು ಉಂಡೆಗಟ್ಟಿ ಬೆಳೆಯುತ್ತವೆ.

• ಈ ವಿದ್ಯೆಗೆ ದಾರಿ ತೆರೆದದ್ದು ನೆದರ್‌ಲೆಂಡ್ಸ್. ಅಲ್ಲಿನ ವಿಜ್ಞಾನಿ ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯದಲ್ಲಿ ತೊಶಿರೊ ಸಾಟೊ ಮತ್ತು ಸಂಗಡಿಗರು 2009ರಲ್ಲಿ ಇಲಿಯ ಕರುಳಿನ ಒಂದೇ ಆಕರಕೋಶದಿಂದ (ಸ್ಟೆಮ್ ಸೆಲ್) ಆರ್ಗನಾಯ್ಡ್ ಬೆಳೆಸಿದರು.

• 2014ರಲ್ಲಿ ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ವಿಜ್ಞಾನಿಗಳು ಉಲ್ಬಣಿಸಿದ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ 7 ಆರ್ಗನಾಯ್ಡ್ ತಳಿಗಳನ್ನು ರೂಪಿಸಿದರು. ರಕ್ತದಲ್ಲಿ ತೇಲಾಡುತ್ತಿದ್ದ ಕ್ಯಾನ್ಸರ್ ಕೋಶಗಳಿಂದಲೂ ತಳಿಯೊಂದು ಸಿಕ್ಕಿತು.

• 2018ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಮೂತ್ರಕೋಶದ ಕ್ಯಾನ್ಸರ್‌ಗೆ ಇಂಥದೇ ಆರ್ಗನಾಯ್ಡ್ ಸಂಗ್ರಹ ಕಟ್ಟಿತು. ಮೂಲ ಗಡ್ಡೆಯ ಜೀನ್ ದೋಷಗಳು ಇವುಗಳಲ್ಲಿ ಬಹುಮಟ್ಟಿಗೆ ಉಳಿದುಕೊಳ್ಳುವುದರಿಂದ, ಯಾವ ಔಷಧಕ್ಕೆ ಗಡ್ಡೆ ಬಗ್ಗುತ್ತದೆ ಎಂದು ತಟ್ಟೆಯಲ್ಲೇ ಪರೀಕ್ಷಿಸಬಹುದು.

• ಮಿತಿಯೂ ಇದೆ. ಇವುಗಳಲ್ಲಿ ಸಾಮಾನ್ಯವಾಗಿ ರಕ್ತನಾಳಗಳಾಗಲಿ, ರೋಗನಿರೋಧಕ ಕೋಶಗಳಾಗಲಿ ಇರುವುದಿಲ್ಲ. ಎಲ್ಲ ರೋಗಿಗಳ ಗಡ್ಡೆಯೂ ತಟ್ಟೆಯಲ್ಲಿ ಬೆಳೆಯುವುದಿಲ್ಲ.

• ಈ ಸಂಶೋಧನೆಗೆ ಅಂಗಾಂಶ ಕೊಡುವವರು ರೋಗಿಗಳೇ. ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಅದಕ್ಕಾಗಿ ಒಪ್ಪಿಗೆ ಕೇಳಿದರೆ, ವಿವರ ತಿಳಿದುಕೊಂಡು ಸಾವಧಾನವಾಗಿ ಯೋಚಿಸಿ. ನೀವು ಅಂಗಾಂಶ ಕೊಟ್ಟರೆ ಮುಂದಿನ ರೋಗಿಗಳಿಗೆ ಅದು ದೊಡ್ಡ ಉಪಕಾರ.